ಫೈನಲ್ ಪಂದ್ಯದ ಭಾನುವಾರ ಆರಾಧನೆ ನಡೆಸುವ ಬಗೆ

2023ರ ನವೆಂಬರ್ 19ರ ಭಾನುವಾರ ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಹಬ್ಬವಿತ್ತು. ಅದೇ ದಿನ ಮಧ್ಯಾಹ್ನ 2 ಗಂಟೆಗೆ ಅಹಮದಾಬಾದಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ತಂಡಗಳ ನಡುವೆ ಏಕದಿನ ವಿಶ್ವಕಪ್ಪಿನ ಫೈನಲ್ ಪಂದ್ಯವೂ ಇತ್ತು. ಬೆಳಗಿನ ಆರಾಧನೆಗೆ ಚರ್ಚ್ ಎಂದಿನಂತೆ ತುಂಬಿತ್ತು. ಗಂಗಾವತಿ ಕಡೆಯ ಸೋನಾ ಮಸೂರಿ ಅಕ್ಕಿಯ ಮೂಟೆ, ಒಣಮೆಣಸಿನಕಾಯಿಯ ಚೀಲ, ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲವೂ ಕಾಣಿಕೆಯಾಗಿ ಮುಂದೆ ಬಂದಿದ್ದವು. ಊಟ ಮುಗಿಸಿ ಒಂದೂವರೆಗೆ ಆ ಕಾಣಿಕೆಗಳ ಹರಾಜು ಶುರು ಮಾಡುವಷ್ಟರಲ್ಲಿ ಅಲ್ಲಿ ಟಾಸ್ ಹಾಕುವ ಹೊತ್ತಾಗಿತ್ತು. ಅರ್ಧ ಗಂಟೆಯಲ್ಲಿ ಹಿಂದಿನ ಸಾಲುಗಳು ಖಾಲಿಯಾದವು. ಸವಾಲು ಏರಿಸುವವರೇ ಇಲ್ಲದೆ, ಸಾವಿರ ರೂಪಾಯಿ ದಾಟಬೇಕಾಗಿದ್ದ ಜವಾರಿ ಹುಂಜವೊಂದು ಮುನ್ನೂರಕ್ಕೆ ಹೋಯಿತು. ಅದನ್ನು ಮರಿಯಿಂದ ಸಾಕಿ, ಕಾಣಿಕೆಗೆಂದೇ ಮೀಸಲಿಟ್ಟು, ಹಳ್ಳಿಯಿಂದ ಬಸ್ಸಿನಲ್ಲಿ ತಂದಿದ್ದ ಅಜ್ಜಿ ಕಡೆಯವರೆಗೂ ಅಲ್ಲೇ ಕುಳಿತು ನೋಡುತ್ತಿದ್ದರು.

ದಿನಾಂಕ ಗೊತ್ತು ಮಾಡಿದ ಕಮಿಟಿಯ ಕಾರ್ಯದರ್ಶಿ ನಾನೇ. ವಿಶ್ವಕಪ್ಪಿನ ವೇಳಾಪಟ್ಟಿ ಆ ವರ್ಷದ ಜೂನ್ 27ರಂದೇ ಪ್ರಕಟವಾಗಿತ್ತು. ನಾವು ಹಬ್ಬದ ದಿನ ನಿಶ್ಚಯಿಸಿದ್ದು ಸೆಪ್ಟೆಂಬರಿನಲ್ಲಿ. ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು. ಅಲ್ಲಿಂದೀಚೆಗೆ ನಾವು ರೂಢಿಸಿಕೊಂಡ ಕ್ರಮವನ್ನು, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಇತರ ಸಭೆಗಳ ಕಮಿಟಿಯವರಿಗೂ ಕಥೋಲಿಕ ಧರ್ಮಕೇಂದ್ರಗಳ ಪಾಲನಾ ಮಂಡಳಿಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಭಾನುವಾರ ಕ್ರಿಕೆಟ್ ನೋಡುವುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆರಾಧನೆಗೆಂದು ಮನೆ ಬಿಟ್ಟು ಬಂದವರಿಗೆ ಆರಾಧನೆ ನೆಟ್ಟಗೆ ಸಿಗಬೇಕು ಎಂಬುದಷ್ಟೇ ಇಲ್ಲಿನ ಕಾಳಜಿ.

ಪೆಟ್ಟು ಬೀಳುವುದು ಎಲ್ಲಿಗೆ

ಮೊದಲು ಗಡಿಯಾರವನ್ನು ನೋಡಿಕೊಳ್ಳಬೇಕು. ಪಂದ್ಯದ ದಿನ ಎಂದೊಡನೆ ಎಲ್ಲರಿಗೂ ಬೆಳಗಿನ ಆರಾಧನೆಯ ಚಿಂತೆ ಹತ್ತುತ್ತದೆ. ಆದರೆ ನಮ್ಮ ಪಟ್ಟಣಗಳ ಬೆಳಗಿನ ಆರಾಧನೆ ಎಂಟು, ಎಂಟೂವರೆ ಅಥವಾ ಒಂಬತ್ತಕ್ಕೆ ತೊಡಗಿ ಹನ್ನೊಂದರೊಳಗೆ ಮುಗಿಯುವುದರಿಂದ, ಭಾರತದಲ್ಲೋ ದುಬೈಯಲ್ಲೋ ನಡೆಯುವ ದೊಡ್ಡ ಪಂದ್ಯಗಳು ಅದನ್ನು ಮುಟ್ಟುವುದೇ ಇಲ್ಲ. ದೊಡ್ಡ ಏಕದಿನ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ ಒಂದೂವರೆಯಿಂದ ಮೂರರೊಳಗೆ ಆರಂಭವಾಗುತ್ತದೆ. ಐಪಿಎಲ್ ಪಂದ್ಯ ಸಂಜೆ ಏಳೂವರೆಗೆ. ಒಂದೇ ದಿನ ಎರಡು ಪಂದ್ಯಗಳಿದ್ದರೆ ಮೊದಲನೆಯದು ಮೂರೂವರೆಗೆ.

ನಿಜವಾಗಿ ಪೆಟ್ಟು ಬೀಳುವುದು ಹಳ್ಳಿಯ ಸಭೆಗಳಿಗೆ. ಭತ್ತದ ಗದ್ದೆ, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಭಾನುವಾರವೂ ಕೂಲಿ ಇರುತ್ತದೆ. ಆದ್ದರಿಂದ ಸಿಂಧನೂರು, ಸಿರುಗುಪ್ಪ, ಕಾರಟಗಿ ಸುತ್ತಿನ ಅನೇಕ ಹಳ್ಳಿಗಳಲ್ಲಿ ಆರಾಧನೆ ನಡೆಯುವುದೇ ದೀಪ ಹಚ್ಚುವ ಹೊತ್ತಿಗೆ. ಒಬ್ಬರೇ ಸಭಾಪಾಲಕರು ಬೆಳಿಗ್ಗೆ ಪಟ್ಟಣದಲ್ಲಿ ಪ್ರಸಂಗ ಮಾಡಿ, ಮಧ್ಯಾಹ್ನ ಒಂದು ಹಳ್ಳಿ, ಸಂಜೆ ಇನ್ನೊಂದು ಹಳ್ಳಿ ಎಂದು ಬೈಕಿನಲ್ಲಿ ತಿರುಗುವ ಕಡೆ, ಒಂದು ಆರಾಧನೆಯ ಹೊತ್ತು ಬದಲಾದರೆ ಮೂರರದ್ದೂ ಬದಲಾಗುತ್ತದೆ. ಇದಲ್ಲದೆ ಶನಿವಾರ ಸಂಜೆಯ ಬಲಿಪೂಜೆ (ಕಥೋಲಿಕರ ಮಾಸ್), ಶನಿವಾರ ರಾತ್ರಿಯ ಗಾಯನ ಮಂಡಳಿಯ ಅಭ್ಯಾಸ, ಭಾನುವಾರ ಸಂಜೆಯ ಯೌವನಸ್ಥರ ಕೂಟ, ವಾರದ ನಡುವಿನ ಮನೆಪ್ರಾರ್ಥನೆ ಇವೆಲ್ಲವೂ ಪಂದ್ಯದ ಹೊತ್ತಿಗೇ ಬರುತ್ತವೆ. 2024ರ ಜೂನ್ 29ರ ಟಿ20 ವಿಶ್ವಕಪ್ ಫೈನಲ್ ಶನಿವಾರ ರಾತ್ರಿ 8ಕ್ಕೆ ಆರಂಭವಾಗಿ, ಭಾರತ 7 ರನ್ನುಗಳಿಂದ ಗೆದ್ದಾಗ ನಡುರಾತ್ರಿ ಸಮೀಪಿಸಿತ್ತು. ಮರುದಿನ ಬೆಳಿಗ್ಗೆ ನಮ್ಮಲ್ಲಿ ಮೊದಲ ಗೀತೆಗೆ ಹಾರ್ಮೋನಿಯಂ ಮತ್ತು ಮೂವರು ಹಿರಿಯ ಹೆಂಗಸರ ದನಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಗಾಯನ ಮಂಡಳಿಯವರು ಬಂದಿದ್ದರು, ನಿಜ. ಆದರೆ ಹಿಂದಿನ ರಾತ್ರಿ ಅಭ್ಯಾಸವೇ ನಡೆದಿರಲಿಲ್ಲ.

ಬೆಳಗಿನ ಆರಾಧನೆಗೆ ತೊಂದರೆ ಕೊಡುವ ಆಟಗಳು ಬೇರೆ ಬಗೆಯವು. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಪಂದ್ಯವಿದ್ದರೆ ಅದು ನಮ್ಮ ಬೆಳಗಿನ ಜಾವವೇ ಆರಂಭವಾಗುತ್ತದೆ; ಮೆಲ್ಬರ್ನಿನ ಡಿಸೆಂಬರ್ 26ರ ಟೆಸ್ಟ್ ನಮ್ಮ ಸಮಯ ಬೆಳಿಗ್ಗೆ 5ಕ್ಕೆ. ಅದಕ್ಕಿಂತ ಹತ್ತಿರದ ತೊಂದರೆ ಊರಿನದೇ ಟೆನಿಸ್ ಬಾಲ್ ಟೂರ್ನಮೆಂಟುಗಳು ಮತ್ತು ರಸ್ತೆ ಓಟಗಳು. ಅವುಗಳ ಮಾತು ಮುಂದೆ ಬರುತ್ತದೆ.

ಎರಡು ಪಂಚಾಂಗಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ

ಕಮಿಟಿಯ ವಾರ್ಷಿಕ ಕಾರ್ಯಕ್ರಮ ಪಟ್ಟಿ ಮಾಡುವ ದಿನ ಮೇಜಿನ ಮೇಲೆ ಸಭೆಯ ಪಂಚಾಂಗದ ಜೊತೆಗೆ ಪಂದ್ಯಗಳ ವೇಳಾಪಟ್ಟಿಯೂ ಇರಬೇಕು. ಯೌವನಸ್ಥರ ಪೈಕಿ ಒಬ್ಬರಿಗೆ ಈ ಕೆಲಸ ವಹಿಸಿದರೆ ಅವರು ಹತ್ತು ನಿಮಿಷದಲ್ಲಿ ಮೊಬೈಲಿನಲ್ಲೇ ತೆಗೆದುಕೊಡುತ್ತಾರೆ. ಹಿರಿಯರಿಗೆ ವಹಿಸಿದರೆ ಮುಂದಿನ ಮೀಟಿಂಗಿಗೆ ಹೋಗುತ್ತದೆ. ಎಲ್ಲ ಪಂದ್ಯಗಳಿಗೂ ಗುರುತು ಹಾಕಿದರೆ ಪಟ್ಟಿ ಕೆಂಪಾಗಿ ಏನೂ ಕಾಣದಂತಾಗುತ್ತದೆ. ಭಾರತ ಆಡುವ ವಿಶ್ವಮಟ್ಟದ ಪಂದ್ಯಾವಳಿಗಳ ಸೆಮಿಫೈನಲ್ ಮತ್ತು ಫೈನಲ್, ಭಾರತ ಮತ್ತು ಪಾಕಿಸ್ತಾನದ ಪಂದ್ಯ, ಐಪಿಎಲ್ ಫೈನಲ್ ಮತ್ತು ಶನಿವಾರ, ಭಾನುವಾರಗಳಲ್ಲಿ ಬರುವ ಬೆಂಗಳೂರು ತಂಡದ ಪಂದ್ಯ, ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ವಿಶ್ವಕಪ್ ಫೈನಲ್, ಇಷ್ಟು ಸಾಕು. ಭಾರತ ಫೈನಲ್ ತಲುಪುತ್ತದೋ ಇಲ್ಲವೋ ಎಂದು ಕಾಯುತ್ತ ಕೂರದೆ ದಿನಾಂಕವನ್ನು ಮೊದಲೇ ಗುರುತಿಸಿಡಬೇಕು. ತಂಡ ಸೋತು ಹೊರಬಿದ್ದರೆ ನಮಗೆ ನಷ್ಟವೇನಿಲ್ಲ. ದೊಡ್ಡ ಫೈನಲ್‌ಗಳಿಗೆ ಮಳೆ ಬಂದರೆ ಬಳಸಲು ಮರುದಿನವನ್ನು ಮೀಸಲಿಡುವ ರೂಢಿ ಇರುವುದರಿಂದ ಸೋಮವಾರ ಸಂಜೆಯ ಮನೆಪ್ರಾರ್ಥನೆಯ ಮೇಲೂ ಒಂದು ಚುಕ್ಕೆ ಇರಲಿ.

ಹೀಗೆ ಎರಡನ್ನೂ ಜೋಡಿಸಿ ನೋಡಿದರೆ ಎಷ್ಟು ಕಡೆ ತಾಗುತ್ತವೆ ಎಂಬುದಕ್ಕೆ 2025ನೇ ವರ್ಷವೊಂದೇ ಸಾಕು. ಮಾರ್ಚ್ 9, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ, ಮಧ್ಯಾಹ್ನ ಎರಡೂವರೆಗೆ ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್. ಏಪ್ರಿಲ್ 18ರ ಶುಭ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ನಮ್ಮ ಆರ್‌ಸಿಬಿ ಪಂಜಾಬಿನ ಎದುರು ಆಡಿತು. ಮಳೆಯಿಂದ ಪಂದ್ಯ 14 ಓವರುಗಳಿಗೆ ಇಳಿದು, ಆರ್‌ಸಿಬಿ ಸೋತಿತು. ಮೂರನೆಯ ದಿನ, ಯೇಸು ಸತ್ತ ಮೂರನೆಯ ದಿನ ಎದ್ದುಬಂದುದನ್ನು ನೆನೆಯುವ ಏಪ್ರಿಲ್ 20ರ ಪುನರುತ್ಥಾನದ ಭಾನುವಾರ (ಈಸ್ಟರ್) ಮಧ್ಯಾಹ್ನ ಮೂರೂವರೆಗೆ ಅದೇ ಪಂಜಾಬನ್ನು ಅವರ ನೆಲದಲ್ಲೇ ಸೋಲಿಸಿತು. (ಈ ‘ಮೂರನೆಯ ದಿನ’ವನ್ನು ಹಿಡಿದು ನಮ್ಮ ಹುಡುಗರು ಮಾಡಿದ ತಮಾಷೆಯನ್ನು ಇಲ್ಲಿ ಬರೆಯುವಂತಿಲ್ಲ.) ಸೆಪ್ಟೆಂಬರ್ 14, 21, 28 ಈ ಮೂರೂ ಭಾನುವಾರಗಳ ರಾತ್ರಿ ಏಷ್ಯಾ ಕಪ್ಪಿನಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರಾದವು, ಅವುಗಳಲ್ಲಿ ಮೊದಲನೆಯದು ಕಥೋಲಿಕರಿಗೆ ಪವಿತ್ರ ಶಿಲುಬೆಯ ಹಬ್ಬ. ನವೆಂಬರ್ 2, ಮೃತರ ಸ್ಮರಣೆಯ ದಿನ, ನವಿ ಮುಂಬೈಯಲ್ಲಿ ಮಹಿಳಾ ವಿಶ್ವಕಪ್ ಫೈನಲ್. ಇನ್ನೂ ಸ್ವಲ್ಪ ಹಿಂದೆ ಹೋದರೆ, 2022ರ ಡಿಸೆಂಬರ್ 18ರ ರಾತ್ರಿ ಎಂಟೂವರೆಗೆ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫುಟ್‌ಬಾಲ್ ಫೈನಲ್ ಬಂದದ್ದು ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ, ಮನೆಮನೆಗೆ ಕ್ಯಾರಲ್ಸ್ ಹೋಗುವ ಸಮಯದಲ್ಲಿ.

ಯಾವುದನ್ನು ಕದಲಿಸಬಹುದು, ಯಾವುದನ್ನು ಕೂಡದು

ನಮ್ಮ ಕಮಿಟಿಯಲ್ಲಿ ಬಹಳ ಚರ್ಚೆಯಾದದ್ದು ಈ ವಿಷಯದ ಮೇಲೆ. ಕೊನೆಗೆ ನಾವು ಹೀಗೆ ಗೆರೆ ಎಳೆದುಕೊಂಡಿದ್ದೇವೆ: ಭಾನುವಾರದ ಬೆಳಗಿನ ಆರಾಧನೆ ಮತ್ತು ಕರ್ತನ ಭೋಜನದ ಸಂಸ್ಕಾರ ಪಂದ್ಯಕ್ಕಾಗಿ ಒಂದು ನಿಮಿಷವೂ ಕದಲುವುದಿಲ್ಲ, ಶುಭ ಶುಕ್ರವಾರ, ಪುನರುತ್ಥಾನ ಹಬ್ಬ, ಕ್ರಿಸ್‌ಮಸ್ ಆರಾಧನೆಗಳೂ ಹಾಗೆಯೇ. ಹರಾಜು, ವಾರ್ಷಿಕ ಸಭೆ, ಲೆಕ್ಕಪತ್ರ ಒಪ್ಪಿಸುವ ಮೀಟಿಂಗು, ಪ್ರೀತಿಭೋಜನ, ಸಂಡೇ ಸ್ಕೂಲ್ ವಾರ್ಷಿಕೋತ್ಸವ, ಕ್ಯಾರಲ್ಸ್, ಗಾಯನ ಅಭ್ಯಾಸ ಇವನ್ನು ಧಾರಾಳವಾಗಿ ಕದಲಿಸಬಹುದು. ಇವನ್ನು ಕದಲಿಸಿದರೆ ಭಕ್ತಿಗೆ ಕುಂದಾಯಿತೆಂದು ಯಾರಾದರೂ ಹೇಳಿದರೆ, ಪಂದ್ಯವಿಲ್ಲದ ದಿನಗಳಲ್ಲೂ ಇದೇ ಕಮಿಟಿ ಮದುವೆಗೂ ಕರೆಂಟಿಗೂ ಹೊತ್ತು ಬದಲಿಸಿದ್ದನ್ನು ನೆನಪಿಸಿದರೆ ಸಾಕು. ಜೆಸ್ಕಾಂನವರು ದುರಸ್ತಿಗೆಂದು ವಿದ್ಯುತ್ ನಿಲ್ಲಿಸುವ ಪ್ರಕಟಣೆ ಕೊಟ್ಟಾಗ ಅಭ್ಯಾಸವನ್ನು ಶುಕ್ರವಾರಕ್ಕೆ ತಂದುಕೊಳ್ಳುವ ನಮಗೆ ಇದು ಹೊಸದಲ್ಲ.

ನಡುವೆ ಉಳಿಯುವುದು ಹಳ್ಳಿಯ ಸಂಜೆಯ ಆರಾಧನೆ, ಮತ್ತು ಅದೇ ಕಷ್ಟದ್ದು. ಅದು ಆರಾಧನೆಯೇ ಆದ್ದರಿಂದ ನಿಲ್ಲಿಸುವಂತಿಲ್ಲ. ಪಂದ್ಯದ ನಡುವೆ ಇಟ್ಟರೆ ಗಂಡಸರು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥ ದಿನ ಹೊತ್ತನ್ನು ಹಿಂದಕ್ಕೆ ತಂದುಕೊಳ್ಳಬಹುದು, ಮುಂದಕ್ಕೆ ಹಾಕಬಾರದು. ಮಧ್ಯಾಹ್ನ ಎರಡೂವರೆಯ ಪಂದ್ಯವಿದ್ದರೆ ಹೊಲಕ್ಕೆ ಹೋಗುವ ಮುಂಚೆ ಬೆಳಿಗ್ಗೆ ಆರೂವರೆಗೆ, ರಾತ್ರಿ ಎಂಟರ ಪಂದ್ಯವಿದ್ದರೆ ಸಂಜೆ ಆರಕ್ಕೆ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಹೇಗೂ ಬೆಳಗಿನ ಆರೂವರೆಯೇ ಮೇಲು. ‘ಪಂದ್ಯ ಮುಗಿದ ಮೇಲೆ’ ಎಂಬ ಹೊತ್ತನ್ನು ಮಾತ್ರ ಎಂದೂ ಪ್ರಕಟಿಸಬೇಡಿ, ಏಕೆಂದರೆ ಅಂಥದೊಂದು ಹೊತ್ತೇ ಇಲ್ಲ. 2025ರ ನವೆಂಬರ್ 2ರ ಫೈನಲ್ 3 ಗಂಟೆಗೆ ಆರಂಭವಾಗಬೇಕಾಗಿತ್ತು. ಮಳೆಯಿಂದ ಎರಡು ಗಂಟೆ ತಡವಾಗಿ 5ಕ್ಕೆ ಆರಂಭವಾಗಿ, ದಕ್ಷಿಣ ಆಫ್ರಿಕಾ ಎದುರು ಭಾರತದ ಹೆಣ್ಣುಮಕ್ಕಳು 52 ರನ್ನುಗಳಿಂದ ಗೆದ್ದಾಗ ನಡುರಾತ್ರಿಯಾಗಿತ್ತು. ಪಂದ್ಯ ಮುಗಿಯಲೆಂದು ಕಾದ ಸಭೆಯ ದೀಪ ಆ ರಾತ್ರಿ ಹೊತ್ತುವುದೇ ಇಲ್ಲ.

ಹೊತ್ತು ಬದಲಿಸುವ ಮುನ್ನ ಪಂದ್ಯ ನೋಡದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆಯ ಬಸ್ಸಿಗೆ ಮರಳಬೇಕಾದವರಿದ್ದಾರೆಯೇ? ಕುಡತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರು ಆ ಹೊತ್ತಿಗೆ ಬರಬಲ್ಲರೇ? ಈ ಪಾಳಿಯವರ ಉದಾಹರಣೆ ಇನ್ನೊಂದು ಕಾರಣಕ್ಕೂ ನಮಗೆ ಬೇಕು. ಭಾನುವಾರ ಬೆಳಿಗ್ಗೆ ಬರಲಾಗದ ಅವರಿಗಾಗಿ ಕೆಲವು ಸಭೆಗಳು ಸಂಜೆಯ ಆರಾಧನೆಯೊಂದನ್ನು ಮೊದಲಿನಿಂದಲೂ ನಡೆಸಿಕೊಂಡು ಬಂದಿವೆ. ಕ್ರಿಕೆಟ್ ನೋಡುವವರ ಅನುಕೂಲಕ್ಕೆಂದು ಆ ಸಂಜೆಯ ಆರಾಧನೆಯನ್ನು ರದ್ದು ಮಾಡಿದರೆ ಅನ್ಯಾಯವಾಗುವುದು ಬೆಳಗಿನ ಪಾಳಿ ಮುಗಿಸಿ, ಸ್ನಾನ ಮಾಡಿ, ಬಾಗಿಲಿಗೆ ಬಂದು ನಿಂತವರಿಗೆ. ಐದೇ ಜನ ಬಂದರೂ ಅದು ನಡೆಯಲೇಬೇಕು.

ಕಥೋಲಿಕ ಧರ್ಮಕೇಂದ್ರಗಳಲ್ಲಿ ಇದು ಪಾಲನಾ ಮಂಡಳಿಯೊಂದೇ ಕುಳಿತು ತೀರ್ಮಾನಿಸುವ ವಿಷಯವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯಂತೆ ಹಿಂದಿನ ದಿನದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆ. ಆದ್ದರಿಂದ ಶನಿವಾರ ಸಂಜೆಯ ಪೂಜೆ ಇರುವ ಕಡೆ ಜನರಿಗೆ ಅದನ್ನೇ ನೆನಪಿಸಿದರೆ ಸಾಕು. ಹೆಚ್ಚುವರಿ ಪೂಜೆ ಬೇಕೆಂದು ಗುರುಗಳನ್ನು ಒತ್ತಾಯಿಸುವ ಮುನ್ನ 905ನೇ ವಿಧಿಯನ್ನೂ ತಿಳಿದಿರಬೇಕು: ಗುರುಗಳೊಬ್ಬರು ಸಾಮಾನ್ಯವಾಗಿ ದಿನಕ್ಕೆ ಒಂದೇ ಪೂಜೆ ಅರ್ಪಿಸಬೇಕು, ಗುರುಗಳ ಕೊರತೆ ಇದ್ದಲ್ಲಿ ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಂದ ದಿನಕ್ಕೆ ಎರಡು, ಜನರ ಆತ್ಮಿಕ ಅಗತ್ಯವಿದ್ದರೆ ಭಾನುವಾರಗಳಲ್ಲಿ ಮೂರು. ನಮ್ಮ ಈ ಭಾಗ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ. ಮುದಗಲ್ಲಿನಂಥ ಶತಮಾನಗಳಷ್ಟು ಹಳೆಯ ಕ್ರೈಸ್ತ ನೆಲೆಯಿಂದ ಹಿಡಿದು ಹೊಸ ಬಡಾವಣೆಯ ಚಿಕ್ಕ ಪ್ರಾರ್ಥನಾಲಯದವರೆಗೆ ಎಲ್ಲ ಕಡೆಗೂ ಗುರುಗಳು ಓಡಾಡಬೇಕಾದಲ್ಲಿ ಕ್ರಿಕೆಟ್ಟಿಗಾಗಿ ನಾಲ್ಕನೆಯ ಪೂಜೆ ಕೇಳುವುದು ಸಲ್ಲದು.

ಪ್ರಕಟಿಸುವ ರೀತಿ

ಬದಲಾವಣೆಯನ್ನು ಎರಡು ಭಾನುವಾರ ಮೊದಲೇ ಆರಾಧನೆಯ ಪ್ರಕಟಣೆಗಳಲ್ಲಿ ಓದಬೇಕು, ನೋಟಿಸ್ ಬೋರ್ಡಿಗೆ ಹಾಕಬೇಕು, ಆಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಕು. ಈ ಅನುಕ್ರಮ ತಿರುಗಿದರೆ ಮೊಬೈಲ್ ಇಲ್ಲದ ಹಿರಿಯರಿಗೆ ಸುದ್ದಿ ಮುಟ್ಟುವುದೇ ಇಲ್ಲ. ಅಂಥ ಮನೆಗಳ ಹೆಸರು ಬರೆದು, ಪ್ರತಿ ಬೀದಿಗೂ ಒಬ್ಬರಿಗೆ ಹೋಗಿ ಹೇಳುವ ಹೊಣೆ ಒಪ್ಪಿಸಬೇಕು. ಪ್ರಕಟಣೆಯ ಒಕ್ಕಣೆಯಲ್ಲಿ ಚುಚ್ಚುಮಾತು ಬೇಡ. ‘ದೇವರಿಗಿಂತ ಕ್ರಿಕೆಟ್ ಮುಖ್ಯವಾದವರ ಅನುಕೂಲಕ್ಕಾಗಿ’ ಎಂದು ಒಮ್ಮೆ ಕರಡಿನಲ್ಲಿ ಬರೆದಿದ್ದ ಖಜಾಂಚಿಗೆ ಸಭಾಪಾಲಕರು, “ತಮ್ಮಾ, ಇದನ್ನು ಓದಿದವರು ಪಂದ್ಯವಿಲ್ಲದ ವಾರವೂ ಬರಲಿಕ್ಕಿಲ್ಲ” ಎಂದಷ್ಟೇ ಹೇಳಿ ಕಾಗದ ಹಿಂದಿರುಗಿಸಿದರು. ನಾವು ಈಗ ಬಳಸುವ ಒಕ್ಕಣೆ ಇದು:

“ಬರುವ ಭಾನುವಾರ ಬೆಳಗಿನ ಆರಾಧನೆ ಎಂದಿನಂತೆ ಎಂಟೂವರೆಗೆ ನಡೆಯುವುದು. ಸಂಜೆ ಏಳಕ್ಕೆ ನಡೆಯಬೇಕಾದ ಮನೆಪ್ರಾರ್ಥನೆ ಅದೇ ಮನೆಯಲ್ಲಿ ಸಂಜೆ ಐದೂವರೆಗೆ ನಡೆದು ಆರೂಮುಕ್ಕಾಲಿಗೆ ಮುಗಿಯುವುದು. ಸಂಜೆ ಬರಲು ವಾಹನ ಬೇಕಾದವರು ಶುಕ್ರವಾರದೊಳಗೆ ಕಾರ್ಯದರ್ಶಿಗೆ ತಿಳಿಸಬೇಕು.”

ಮುಗಿಯುವ ಹೊತ್ತನ್ನೂ ಬರೆದಿರುವುದನ್ನು ಗಮನಿಸಬೇಕು. ಯಾವಾಗ ಮುಗಿಯುತ್ತದೆಂದು ಗೊತ್ತಿದ್ದರೆ ಬಾಗಿಲ ಬಳಿ ನಿಂತು ಚಡಪಡಿಸುವವರೂ ಒಳಗೆ ಬಂದು ಕೂರುತ್ತಾರೆ. ಬರೆದ ಮೇಲೆ ಆ ಹೊತ್ತಿಗೆ ಮುಗಿಸುವುದು ಪ್ರಸಂಗ ಮಾಡುವವರ ಜವಾಬ್ದಾರಿ. ‘ಕೊನೆಯದಾಗಿ’ ಎಂದ ಮೇಲೆ ಇಪ್ಪತ್ತು ನಿಮಿಷ ಮಾತಾಡುವ ಅಭ್ಯಾಸವುಳ್ಳವರಿಗೆ ಆ ವಾರ ಬೈಬಲ್ ವಾಚನ ಕೊಟ್ಟರೆ ಒಳ್ಳೆಯದು.

ಆ ದಿನ ಒಳಗೆ ಮತ್ತು ಹೊರಗೆ

ಮೊಬೈಲುಗಳನ್ನು ಬಾಗಿಲಲ್ಲಿ ಕಿತ್ತಿಡುವ ಉಪಾಯವನ್ನು ನಾವು ಒಮ್ಮೆ ಮಾಡಿ ಕೈಬಿಟ್ಟೆವು. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರಿಗೆ ಅದು ತೊಂದರೆ, ಬೈಬಲ್ಲನ್ನೇ ಮೊಬೈಲಿನಲ್ಲಿ ಓದುವವರಿಗೂ ತೊಂದರೆ. ಆರಾಧನೆಯ ಮೊದಲ ಮಾತಿನಲ್ಲೇ ಶಬ್ದ ನಿಲ್ಲಿಸಿ ಎಂದು ವಿನಯದಿಂದ ಹೇಳಿ, ಕಾಣಿಕೆ ಎತ್ತುವ ಸ್ವಯಂಸೇವಕರಲ್ಲಿ ಒಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ. ವೇದಿಕೆಯ ಮೇಲಿಂದ ಸ್ಕೋರು ಹೇಳುವುದು, ತಮಾಷೆಗಾದರೂ, ಬೇಡ. ಅದು ಒಂದು ಕ್ಷಣದ ನಗುವನ್ನು ತರುತ್ತದೆ, ಆಮೇಲೆ ಹತ್ತು ನಿಮಿಷ ಯಾರ ಕಿವಿಯೂ ವಾಕ್ಯದ ಕಡೆಗಿರುವುದಿಲ್ಲ. ಭಾರತ ಗೆಲ್ಲಲಿ ಎಂದು ಬಿನ್ನಹದ ಪ್ರಾರ್ಥನೆಯಲ್ಲಿ ಸೇರಿಸಬೇಕೆಂಬ ಕೋರಿಕೆ ಪ್ರತಿ ಸಲವೂ ಬರುತ್ತದೆ. ಆಡುವವರ, ನೋಡಲು ಹೋದವರ ಕ್ಷೇಮಕ್ಕಾಗಿ ಪ್ರಾರ್ಥಿಸೋಣ ಎಂದು ನಾವು ಅದನ್ನು ಬದಲಿಸಿಕೊಂಡಿದ್ದೇವೆ. ಈ ಮಾತು ಬಾಯುಪಚಾರವಲ್ಲವೆಂದು 2025ರ ಜೂನ್ 4ರಂದು ಎಲ್ಲರಿಗೂ ತಿಳಿಯಿತು. ಹದಿನೆಂಟನೆಯ ವರ್ಷಕ್ಕೆ ಆರ್‌ಸಿಬಿ ಕಪ್ ಗೆದ್ದ ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅದರ ನಂತರದ ಭಾನುವಾರ, ಜೂನ್ 8, ಪಂಚಾಶತ್ತಮ (ಪೆಂತೆಕೊಸ್ತ) ಹಬ್ಬವಾಗಿತ್ತು. ನಮ್ಮಲ್ಲಿ ಹಬ್ಬದ ಬಿನ್ನಹಗಳಿಗೆ ಮುಂಚೆ ಎರಡು ನಿಮಿಷ ಎಲ್ಲರೂ ಎದ್ದು ಮೌನವಾಗಿ ನಿಂತರು.

ಹೊರಗಿನ ಗದ್ದಲಕ್ಕೆ ಬೇರೆ ಉಪಾಯ ಬೇಕು. ಎದುರಿನ ಚಹಾ ಅಂಗಡಿಯವರು ಟಿವಿಯನ್ನು ಬೀದಿಗೆ ತಿರುಗಿಸಿ ಇಟ್ಟಿದ್ದರೆ ಆರಾಧನೆಯ ನಡುವೆ ಹೋಗಿ ಜಗಳ ತೆಗೆಯುವುದಕ್ಕಿಂತ ಶುಕ್ರವಾರವೇ ಹೋಗಿ, ಒಂದು ಚಹಾ ಕುಡಿದು, “ಅಣ್ಣಾ, ಆರರಿಂದ ಏಳರವರೆಗೆ ಸ್ವಲ್ಪ ಸೌಂಡ್ ಕಡಿಮೆ ಇಡಿ” ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ. ಬೀದಿಯಲ್ಲಿ ದೊಡ್ಡ ಪರದೆ ಹಾಕುವವರು ಪೊಲೀಸ್ ಠಾಣೆಯ ಅನುಮತಿ ಪಡೆಯಬೇಕಾಗಿರುವುದರಿಂದ, ನಮ್ಮ ಆರಾಧನೆಯ ಹೊತ್ತನ್ನು ಠಾಣೆಗೆ ಮೊದಲೇ ಬರೆದುಕೊಟ್ಟಿರುವುದು ಒಳ್ಳೆಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮೀರುವಂತಿಲ್ಲ. ಆದರೆ ದೂರು ಬರೆಯುವ ಮುನ್ನ ನಮ್ಮ ಚರ್ಚಿನ ಗೋಪುರದ ಮೇಲಿರುವ ಧ್ವನಿವರ್ಧಕಕ್ಕೂ ಅದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಆರಾಧನೆಗೆ ಬೇಕೆಂದೇ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಗೆದ್ದ ಸಂತೋಷಕ್ಕೆ ಗೇಟಿನ ಮುಂದೆ ಪಟಾಕಿ ಹಚ್ಚಿದ ಹುಡುಗರ ಮೇಲೆ ಅದನ್ನು ಎತ್ತುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಪಂದ್ಯ ಗೆದ್ದ ರಾತ್ರಿ ಬಳ್ಳಾರಿಯ ರಾಯಲ್ ಸರ್ಕಲ್ ಕಡೆ ಬೈಕುಗಳು ಸೇರುವುದು ಇದ್ದೇ ಇರುತ್ತದೆ. ತಡವಾಗಿ ಮುಗಿಯುವ ಪ್ರಾರ್ಥನೆಯಿಂದ ಹಿರಿಯರನ್ನು ಮನೆಗೆ ಕಳಿಸುವಾಗ ಕೌಲ್ ಬಜಾರಿನವರಾದರೂ ಗಾಂಧಿನಗರದವರಾದರೂ ಆ ವೃತ್ತವನ್ನು ಬಳಸಿ ಹೋಗುವಂತೆ ಆಟೋದವರಿಗೆ ಹೇಳಿ.

ಸಭಾಂಗಣದಲ್ಲೇ ಪರದೆ ಕಟ್ಟಿ ಪಂದ್ಯ ತೋರಿಸಿದರೆ ಯೌವನಸ್ಥರು ಬರುತ್ತಾರೆ ಎಂಬ ಸಲಹೆಯೂ ಬಂದಿತ್ತು. ನಾನು ವಿರೋಧಿಸಿದೆ. ಮನೆ ಬಳಕೆಗೆಂದು ಪಡೆದ ಚಂದಾದಲ್ಲಿ ನೂರು ಜನರಿಗೆ ತೋರಿಸುವಂತಿಲ್ಲ ಎಂಬುದು ಒಂದು ಕಾರಣ. ಸಂಜೆ ಆರಕ್ಕೆ ಪರದೆ ಆರಿಸಿ ಪ್ರಾರ್ಥನೆಗೆ ಏಳಿ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ ಎಂಬುದು ನಿಜವಾದ ಕಾರಣ.

ಮೈದಾನ, ರಸ್ತೆ ಮತ್ತು ಆಡುವ ಮಕ್ಕಳು

ನಮ್ಮ ಭಾಗದ ಅನೇಕ ಹಳೆಯ ಚರ್ಚುಗಳಿಗೆ ಸ್ವಂತ ಮೈದಾನವೋ ಶಾಲೆಯ ಆವರಣವೋ ಇರುತ್ತದೆ, ಟೂರ್ನಮೆಂಟಿಗೆಂದು ಅದನ್ನೇ ಕೇಳಿಕೊಂಡು ಬರುತ್ತಾರೆ. ಕೊಡುವುದಾದರೆ ಭಾನುವಾರ ಬೆಳಿಗ್ಗೆ ಹನ್ನೊಂದರ ನಂತರ ಎಂದು ಕಾಗದದ ಮೇಲೆ ಬರೆದುಕೊಡಬೇಕು, ಕಾಮೆಂಟರಿಯ ಮೈಕು ಯಾವ ದಿಕ್ಕಿಗೆ ತಿರುಗಿರಬೇಕೆಂಬುದನ್ನೂ ಸೇರಿಸಿ. ರಸ್ತೆ ಓಟ ಅಥವಾ ಸೈಕಲ್ ಸ್ಪರ್ಧೆಗೆ ಬೆಳಿಗ್ಗೆ ರಸ್ತೆ ಮುಚ್ಚುವ ಸುದ್ದಿ ಬಂದರೆ ಸಂಘಟಕರಿಂದ ಮಾರ್ಗದ ನಕ್ಷೆ ಪಡೆದು, ಯಾವ ಗೇಟಿನಿಂದ ಒಳಬರಬೇಕು, ವಾಹನ ಎಲ್ಲಿ ನಿಲ್ಲಿಸಬೇಕು ಎಂದು ಹಿಂದಿನ ಭಾನುವಾರವೇ ತಿಳಿಸಬೇಕು. ಅಂದು ಆರಾಧನೆಯನ್ನು ಹತ್ತು ನಿಮಿಷ ತಡವಾಗಿ ಆರಂಭಿಸಿದರೆ ತಪ್ಪಿಲ್ಲ.

ಆಡುವ ಮಕ್ಕಳ ವಿಷಯ ಇಷ್ಟು ಸುಲಭವಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆಯಾದ ಹುಡುಗಿಯ ಕಬಡ್ಡಿ ಪಂದ್ಯ ಭಾನುವಾರ ಬೆಳಿಗ್ಗೆಯೇ ಬೀಳುತ್ತದೆ. 2018ರಿಂದ ತೋರಣಗಲ್ಲಿನ ಬಳಿ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯೇ ಇರುವ ಈ ಸೀಮೆಯಲ್ಲಿ ಓಟ, ಕುಸ್ತಿ, ಬಾಕ್ಸಿಂಗಿನ ಆಸೆ ಹೊತ್ತ ಮಕ್ಕಳು ನಮ್ಮ ಸಂಡೇ ಸ್ಕೂಲುಗಳಲ್ಲೂ ಇದ್ದಾರೆ. ಇಂಥ ಸಂದರ್ಭದಲ್ಲಿ ಹಿರಿಯರು ಎರಿಕ್ ಲಿಡೆಲ್ಲರ ಕಥೆ ತೆಗೆಯುತ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತುಗಳು ಭಾನುವಾರ ಇದ್ದುದರಿಂದ ಅವರು ಆ ಸ್ಪರ್ಧೆಯನ್ನೇ ಬಿಟ್ಟು, 400 ಮೀಟರ್ ಓಡಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಮರುವರ್ಷ ಲಂಡನ್ ಮಿಷನರಿ ಸೊಸೈಟಿಯ ಕೆಲಸಕ್ಕೆ ಚೀನಾಕ್ಕೆ ಹೋಗಿ, 1945ರಲ್ಲಿ ಜಪಾನೀಯರ ಬಂದಿಶಿಬಿರದಲ್ಲಿ ತೀರಿಕೊಂಡರು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸರನ್ನು ಕಳಿಸಿದ್ದೂ ಅದೇ ಸೊಸೈಟಿ, ಆದ್ದರಿಂದ ಈ ಕಥೆ ನಮಗೆ ದೂರದ್ದೇನಲ್ಲ. ಆದರೆ ಹೇಳುವಾಗ ಪೂರ್ತಿಯಾಗಿ ಹೇಳಬೇಕು. ಲಿಡೆಲ್ ಆಗ ಇಪ್ಪತ್ತೆರಡು ವರ್ಷದವರು, ತೀರ್ಮಾನ ಅವರದೇ, ವೇಳಾಪಟ್ಟಿ ತಿಳಿದದ್ದು ತಿಂಗಳುಗಳ ಮೊದಲು, ಬದಲಿ ಓಟಕ್ಕೆ ತಯಾರಾಗಲು ಸಮಯವಿತ್ತು. ಹದಿನಾಲ್ಕರ ಹುಡುಗಿಗೆ ಶನಿವಾರ ಸಂಜೆ ಈ ಕಥೆ ಹೇಳಿ ನಾಳೆ ಆಡಬೇಡ ಎನ್ನುವುದಕ್ಕೆ ಅದರಲ್ಲಿ ಆಧಾರವಿಲ್ಲ. ಅವಳ ತಂದೆತಾಯಿಯರ ಜೊತೆ ಸಭಾಪಾಲಕರು ಮೊದಲೇ ಮಾತಾಡಿ, ಅವಳು ಹೊರಡುವ ಮುನ್ನ ಬೆಳಿಗ್ಗೆ ಮನೆಯಲ್ಲಿ ಪ್ರಾರ್ಥಿಸಿ ಕಳಿಸಬಹುದು; ಸಂಜೆಯ ಆರಾಧನೆ ಇದ್ದರೆ ಅವಳು ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಬದಲು ಆಟ ಹೇಗಾಯಿತೆಂದು ಕೇಳಬಹುದು.

ಆ ದಿನ ಮುಗಿದ ಮೇಲೆ

ಹಾಜರಾತಿ ಪುಸ್ತಕದಲ್ಲಿ ಆ ದಿನದ ಸಂಖ್ಯೆಯ ಪಕ್ಕದಲ್ಲಿ ಎರಡು ಸಾಲು ಬರೆದಿಡುವುದು ಮುಂದಿನ ಕಮಿಟಿಗೆ ಉಪಕಾರ. ನಮ್ಮ ಪುಸ್ತಕದಲ್ಲಿ 2025ರ ನವೆಂಬರ್ 2ರ ಎದುರು ಹೀಗಿದೆ: ಮಹಿಳಾ ಕೂಟದ ಮಾಸಿಕ ಸಭೆಯನ್ನು ಸಂಜೆ ನಾಲ್ಕರಿಂದ ಬೆಳಿಗ್ಗೆ ಹನ್ನೊಂದೂವರೆಗೆ ತಂದುಕೊಳ್ಳಬೇಕೆಂದು ಕೂಟದವರೇ ಕೇಳಿದರು, ಒಪ್ಪಲಾಯಿತು, ಎಂದಿಗಿಂತ ಆರು ಮಂದಿ ಹೆಚ್ಚು. ಗಂಡಸರು ಪಂದ್ಯ ನೋಡಲು ಹೋಗುತ್ತಾರೆಂದು ವರ್ಷಗಟ್ಟಲೆ ಗೊಣಗಿದ ಅಕ್ಕಂದಿರೇ ಆ ಸಲ ಅರ್ಜಿ ಹಿಡಿದು ಬಂದದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಅಂದೇ ಪರಿಚಯದ ಕಥೋಲಿಕ ಧರ್ಮಕೇಂದ್ರವೊಂದರಲ್ಲಿ ಸಮಾಧಿ ಸ್ಥಳದ ಪ್ರಾರ್ಥನೆಯನ್ನು ನಾಲ್ಕು ಗಂಟೆಯಿಂದ ಕದಲಿಸಿರಲಿಲ್ಲ. ಪಂದ್ಯ ಮಳೆಯಿಂದ ತಡವಾದ ಕಾರಣ ಹೂವು, ಮೇಣದಬತ್ತಿ ಹಿಡಿದು ಎಲ್ಲರೂ ಬಂದರಂತೆ. ಅದನ್ನು ನಂಬಿಕೊಂಡು ಮುಂದಿನ ವರ್ಷದ ಯೋಜನೆ ಮಾಡಲಾಗದು.

ಸುಗ್ಗಿ ಹಬ್ಬದ ಹರಾಜನ್ನು ನಾವು ಈಗ ಊಟಕ್ಕೆ ಮುಂಚೆ, ಆಶೀರ್ವಾದ ಮುಗಿದ ಹತ್ತನೆಯ ನಿಮಿಷಕ್ಕೆ ಆರಂಭಿಸುತ್ತೇವೆ. ಹಸಿದವರು ಸವಾಲನ್ನು ಬೇಗ ಏರಿಸುತ್ತಾರೆ. 2026ರ ಪಟ್ಟಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್ ಜುಲೈ 19ರ ಭಾನುವಾರಕ್ಕೆ ಬಿದ್ದಿದೆ. ಅಮೆರಿಕದ ಮಧ್ಯಾಹ್ನ 3 ಎಂದರೆ ನಮ್ಮಲ್ಲಿ ಸೋಮವಾರ ಆರಂಭವಾಗಿ ಅರ್ಧ ಗಂಟೆ ಕಳೆದಿರುತ್ತದೆ. ಅದರ ಎದುರು ‘ಬದಲಾವಣೆ ಬೇಕಿಲ್ಲ’ ಎಂದು ಬರೆದಿದ್ದೇನೆ.